ಕ್ಯಾಮರಾ ನೆಲೆ ನಿಂತಾಗ: ಉಡುಪಿಯ ಜಾನಪದ ಕೇಂದ್ರವೂ ನಮ್ಮ ಪೆರ್ಲವೂ

ಹಾಡಿದವರು ಒಬ್ಬರೇ, ಕಥೆಯೂ ಒಂದೇ. 1985–86ರಲ್ಲಿ ಹೇಳಿ ಬರೆಸಿದಾಗ ಅದು 8,538 ಸಾಲುಗಳಿಗೆ ಮುಗಿದಿತ್ತು. 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಣದ ಯಂತ್ರ ಮತ್ತು ವಿಡಿಯೊ ಕ್ಯಾಮರಾಗಳ ಮುಂದೆ ಕೂತು ಹಾಡಿದಾಗ 15,683 ಸಾಲುಗಳಾದವು. ಹಾಡಿದವರು ಉಜಿರೆ ಬಳಿಯ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು. ಕಥೆ ತುಳುನಾಡಿನ ಸಿರಿಯದು: ಸತ್ಯನಾಪುರದ ಬೆರ್ಮ ಆಳ್ವರ ಮನೆಯಲ್ಲಿ ಬೆಳೆದು, ಕಾಂತು ಪೂಂಜನನ್ನು ಮದುವೆಯಾಗಿ, ಅವನ ನಡತೆಗೆ ಬೇಸತ್ತು ಬರ (ವಿಚ್ಛೇದನ) ಹೇಳಿ ಹೊರನಡೆದ ಹೆಣ್ಣಿನ ಕಥೆ. ಹೋಮರನ ಇಲಿಯಡ್ಡಿಗೆ 15,693 ಸಾಲುಗಳು. ನಮ್ಮ ಗದ್ದೆಗಳಲ್ಲಿ ನೇಜಿ ನೆಡುವಾಗ ಹೆಂಗಸರು ತುಂಡು ತುಂಡಾಗಿ ಹಾಡುತ್ತಿದ್ದ ಸಂಧಿಯ (ಕಥನಗೀತೆಯ) ಪೂರ್ಣರೂಪ ಅದಕ್ಕಿಂತ ಹತ್ತೇ ಸಾಲು ಕಡಿಮೆ ಎಂಬುದು ಹಾಗೆ ಗೊತ್ತಾಯಿತು.

ಎರಡು ಸಲದ ಹಾಡಿಕೆಯ ನಡುವೆ ಇಷ್ಟು ಅಂತರ ಏಕೆ ಬಂತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೇಳಿ ಬರೆಸುವಾಗ ಹಾಡುಗಾರ ಬರೆಯುವವನ ಕೈಗೆ ಕಾಯಬೇಕು. ಒಂದು ಸಾಲು ಹೇಳಿ ನಿಲ್ಲಬೇಕು, ಅದು ಬರೆದಾದ ಮೇಲೆ ಮುಂದಿನದನ್ನು ಹೇಳಬೇಕು. ರಾಗ ಬಿಟ್ಟುಹೋಗುತ್ತದೆ, ಉಸಿರಿನ ಲಯ ತಪ್ಪುತ್ತದೆ. ದಂಡಿಗೆ ಹೊರಡುವ, ವೀಳ್ಯ ಕೊಡುವ, ತೊಟ್ಟಿಲು ತೂಗುವ ವರ್ಣನೆಗಳು ಮತ್ತೆ ಮತ್ತೆ ಬರುವಂಥವು. ಅವು ಬರೆಸುವಾಗ ಮೊಟಕಾಗುತ್ತವೆ. ಹಾಡಲು ಬಿಟ್ಟಾಗ ಮಾತ್ರ ಅವು ತಮ್ಮ ತಮ್ಮ ಜಾಗದಲ್ಲಿ ಪೂರ್ತಿಯಾಗಿ ಅರಳುತ್ತವೆ. ಯಂತ್ರ ಮಾಡಿದ ಉಪಕಾರ ಇಷ್ಟೇ: ಅದು ಕಾಯಿಸಲಿಲ್ಲ. ಉಳಿದುದನ್ನೆಲ್ಲ ಮಾಡಿದ್ದು ಮನುಷ್ಯರು. ಆ ಕ್ಯಾಮರಾ ಒಂದು ಮಧ್ಯಾಹ್ನಕ್ಕೆ ಬಂದು ಸಂಜೆಯ ಬಸ್ಸಿಗೆ ಹೊರಟಿದ್ದರೆ ನಮಗೆ ಅರ್ಧ ಗಂಟೆಯ ಮಾದರಿಯೊಂದು ಸಿಗುತ್ತಿತ್ತು, ಮಹಾಕಾವ್ಯ ಸಿಗುತ್ತಿರಲಿಲ್ಲ. ಆ ಡಿಸೆಂಬರಿನ ಹಿಂದೆ ಐದು ವರ್ಷಗಳ ಒಡನಾಟವಿತ್ತು. ಆ ಒಡನಾಟದ ಹಿಂದೆ ಒಂದು ಸಂಸ್ಥೆಯಿತ್ತು. ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ಆ ಸಂಸ್ಥೆಯ ಚರಿತ್ರೆಯನ್ನು ನೆನೆಯಲು ನನಗಿರುವ ಕಾರಣ ಕಾಸರಗೋಡು ಜಿಲ್ಲೆಯ ನಮ್ಮೂರು ಪೆರ್ಲ.

ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ ಶುರುವಾಯಿತು. ಮಣಿಪಾಲದ ಡಾ. ಟಿ.ಎಂ.ಎ. ಪೈಗಳ ಕನಸಿನ ಕೂಸು ಅದು. ಅಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದು ಮುಂದೆ ಪ್ರಾಂಶುಪಾಲರಾದ ಕು.ಶಿ. ಹರಿದಾಸ ಭಟ್ಟರು (1924–2000) ಕಾಲೇಜಿನ ಗೋಡೆಗಳಾಚೆ ನೋಡಿದವರು. 1971ರಲ್ಲಿ ಅದೇ ಆವರಣದಲ್ಲಿ ಯಕ್ಷಗಾನ ಕೇಂದ್ರ ತಲೆಯೆತ್ತಿತು. ಶಿವರಾಮ ಕಾರಂತರು ಅದರ ಬೆನ್ನಿಗೆ ನಿಂತರು. 1980ರ ದಶಕದಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಭಟ್ಟರು ಕಟ್ಟಿದ್ದು ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ. ಕರಾವಳಿಯಲ್ಲಿ ಎಲ್ಲರೂ ಅದನ್ನು ‘ಆರ್.ಆರ್.ಸಿ.’ (ರೀಜನಲ್ ರಿಸೋರ್ಸಸ್ ಸೆಂಟರ್) ಎಂದೇ ಕರೆದರು.

ತುಳುವಿನ ಕಥನಗೀತೆಗಳಾದ ಪಾಡ್ದನಗಳನ್ನು ಕಾಗದಕ್ಕೆ ಇಳಿಸುವ ಕೆಲಸ ತುಳುನಾಡಿನಲ್ಲಿ ಬಾಸೆಲ್ ಮಿಶನ್ನಿನವರ ಕಾಲದಿಂದಲೂ ಇತ್ತು. ಹರಿದಾಸ ಭಟ್ಟರಿಗೆ ಅಷ್ಟು ಸಾಲಲಿಲ್ಲ. ಭೂತದ ಕೋಲವೆಂದರೆ ಪಾಡ್ದನ ಮಾತ್ರವಲ್ಲ; ಅಣಿ, ಗಗ್ಗರ, ಬಣ್ಣ, ನುಡಿ, ತಾಸೆಯ ಪೆಟ್ಟು, ಕೈ ಮುಗಿದು ನಿಂತ ಮನೆಯವರು, ಬಾಳೆಲೆಯ ಮೇಲಿನ ಎಡೆ ಎಲ್ಲವೂ ಸೇರಿ ಆಗುವ ಕ್ರಿಯೆ. ಇಡಿಯ ಕ್ರಿಯೆಯನ್ನು ಹಿಡಿಯಲು ವಿಡಿಯೊ ಬೇಕಿತ್ತು. ಆ ದಿನಗಳಲ್ಲಿ ಕ್ಯಾಮರಾ ಎಂದರೆ ಹೆಗಲ ಮೇಲೆ ಹೊರಬೇಕಾದ ಭಾರ, ಕ್ಯಾಸೆಟ್ ಎಂದರೆ ಅಳೆದು ಬಳಸಬೇಕಾದ ವಸ್ತು. ಆದರೂ ಕೇಂದ್ರ ಆ ದಾರಿಯನ್ನೇ ಹಿಡಿಯಿತು. ಕರಾವಳಿಯ ಭೂತಲೋಕಕ್ಕೂ ಚಲಿಸುವ ಚಿತ್ರಕ್ಕೂ ನಂಟು ಹಳೆಯದು. ಕಾರಂತರು 1931ರಲ್ಲೇ ‘ಭೂತರಾಜ್ಯ’ ಎಂಬ ಮೂಕಿಚಿತ್ರ ಮಾಡಿದ್ದರು. ಆ ನಂಟಿಗೆ ಒಂದು ಖಾಯಂ ವಿಳಾಸ ಕೊಟ್ಟದ್ದು ಮಾತ್ರ ಉಡುಪಿಯ ಈ ಕೇಂದ್ರ. ಜೋಧಪುರದ ರೂಪಾಯನ ಸಂಸ್ಥಾನದಲ್ಲಿ ಕೋಮಲ್ ಕೊಠಾರಿ, ಪಾಳಯಂಕೋಟೆಯ ಸೇಂಟ್ ಕ್ಸೇವಿಯರ್ ಕಾಲೇಜಿನಲ್ಲಿ ಅಲ್ಲಿನ ಜಾನಪದ ವಿದ್ವಾಂಸರು ಇಂಥದೇ ಕೆಲಸದಲ್ಲಿ ತೊಡಗಿದ್ದ ಕಾಲ ಅದು. ದೇಶದ ಮೂಲೆ ಮೂಲೆಗಳಲ್ಲಿ ಊರವರ ಕಲೆ ಊರ ಹತ್ತಿರವೇ ಉಳಿಯಬೇಕು ಎಂಬ ವಿಚಾರ ಬಲಗೊಳ್ಳುತ್ತಿತ್ತು.

ಫಿನ್ಲೆಂಡಿನ ತುರ್ಕು ನಗರದಿಂದ ಜಾನಪದ ವಿದ್ವಾಂಸ ಲೌರಿ ಹೊಂಕೊ ಬಂದದ್ದು ಈ ಬಾಗಿಲಿನಿಂದ. ‘ಕಾಲೆವಾಲ’ ಎಂಬ ಮಹಾಕಾವ್ಯವನ್ನು ಹಳ್ಳಿಯ ಹಾಡುಗಳಿಂದ ಕಟ್ಟಿಕೊಂಡ ದೇಶ ಅವರದು. ಎಲಿಯಾಸ್ ಲೊನ್ರೊಟ್ 19ನೆಯ ಶತಮಾನದಲ್ಲಿ ಬಿಡಿಬಿಡಿ ಹಾಡುಗಳನ್ನು ಸಂಗ್ರಹಿಸಿ, ತಾನೇ ಪೋಣಿಸಿ ಕೃತಿ ಮಾಡಿದ. ಆದರೆ ಒಬ್ಬ ಜೀವಂತ ಹಾಡುಗಾರನ ಮನಸ್ಸಿನೊಳಗೆ ಇಡೀ ಮಹಾಕಾವ್ಯ ಹೇಗೆ ನೆಲೆಸಿರುತ್ತದೆ, ಹಾಡುವ ಗಳಿಗೆಯಲ್ಲಿ ಹೇಗೆ ಹೊರಬರುತ್ತದೆ ಎಂಬುದನ್ನು ನೋಡುವ ಅವಕಾಶ ಯುರೋಪಿಗೆ ಉಳಿದಿರಲಿಲ್ಲ. ಆ ಅವಕಾಶ ತುಳುನಾಡಿನಲ್ಲಿತ್ತು. 1989ರಲ್ಲಿ ಉಡುಪಿಯಲ್ಲಿ ಫಿನ್ಲೆಂಡ್ ಮತ್ತು ಭಾರತದ ವಿದ್ವಾಂಸರು ಸೇರಿ ಕ್ಷೇತ್ರಕಾರ್ಯದ ತರಬೇತಿ ನಡೆಸಿದರು. ಮಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಿಂದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಜೊತೆಯಾದರು. ವಿವೇಕ ರೈಗಳು ಹುಟ್ಟಿದ್ದು ಪುಣಚದಲ್ಲಿ. ಪೆರ್ಲದಿಂದ ಅಡ್ಕಸ್ಥಳ ದಾಟಿ ಅಡ್ಯನಡ್ಕದ ಕಡೆಗೆ ಹೋಗುವವರಿಗೆ ಅದು ನೆರೆಯ ಊರು. ಗೋಪಾಲ ನಾಯ್ಕರ ಬಾಯಿಂದ 1985–86ರಲ್ಲಿ ಸಿರಿಯ ಕಥೆಯನ್ನು ಬರೆದುಕೊಂಡವರು ಚಿನ್ನಪ್ಪ ಗೌಡರು. ಲೌರಿ ಹೊಂಕೊ, ಅವರ ಪತ್ನಿ ಆನ್ನೆಲಿ ಹೊಂಕೊ, ಈ ಇಬ್ಬರು ಕನ್ನಡದ ಪ್ರಾಧ್ಯಾಪಕರು ಮತ್ತು ಗೋಪಾಲ ನಾಯ್ಕರು ಕೂಡಿ ಮಾಡಿದ ಕೆಲಸ 1998ರಲ್ಲಿ ಹೆಲ್ಸಿಂಕಿಯಿಂದ ಮೂರು ಸಂಪುಟಗಳಾಗಿ ಬಂತು. ಒಂದು ಸಂಪುಟ ಹಾಡು ಪಠ್ಯವಾದ ಬಗೆಯನ್ನು ವಿವರಿಸುತ್ತದೆ. ಉಳಿದೆರಡರಲ್ಲಿ ತುಳು ಮೂಲ, ಎದುರು ಪುಟದಲ್ಲಿ ಇಂಗ್ಲಿಷ್ ಅನುವಾದ.

ಕಾವ್ಯದ ಸಂಪುಟಗಳ ಶೀರ್ಷಿಕೆಯಲ್ಲೇ ‘ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯ’ ಎಂದಿದೆ. ನನ್ನ ಮಟ್ಟಿಗೆ ಈ ಇಡೀ ಸಾಹಸದಲ್ಲಿ ಅತ್ಯಂತ ದೊಡ್ಡ ಸಂಗತಿ ಇದು. ಅದಕ್ಕೂ ಹಿಂದಿನ ನೂರು ವರ್ಷಗಳ ಸಂಗ್ರಹಗಳನ್ನು ತೆರೆದು ನೋಡಿ. ಸಂಗ್ರಹಿಸಿದವರ ಹೆಸರು ಮುಖಪುಟದಲ್ಲಿ ಇರುತ್ತದೆ, ಹಾಡಿದವರು ಬಹುಪಾಲು ಹೆಸರಿಲ್ಲದ ‘ಹಳ್ಳಿಗರು’. ಇಲ್ಲಿ ಹಾಗಾಗಲಿಲ್ಲ. ಹಾಡುಗಾರರನ್ನು ಮಾಹಿತಿ ಕೊಡುವವರೆಂದು ನೋಡದೆ ಕವಿಯೆಂದು ನೋಡಿದರು. ಸಿರಿ ಜಾತ್ರೆಯಲ್ಲಿ ಗೋಪಾಲ ನಾಯ್ಕರು ಸಿರಿಯ ಮಗ ಕುಮಾರನಾಗಿ ನಿಲ್ಲುತ್ತಿದ್ದವರು. ಹುಣ್ಣಿಮೆಯ ರಾತ್ರಿ ಹಿಂಗಾರ ಹಿಡಿದು ಆವೇಶಕ್ಕೆ ಒಳಗಾಗುವ ಹೆಂಗಸರನ್ನು ಮಾತನಾಡಿಸಿ, ಸಂತೈಸಿ, ಸಿರಿಗಳ ಬಳಗಕ್ಕೆ ಸೇರಿಸುವ ಹೊಣೆ ಹೊತ್ತವರು. ಆ ರಾತ್ರಿಗಳಿಗೂ ಕ್ಯಾಮರಾ ಹೋಯಿತು. ಎಲ್ಲೋ ಒಂದು ಮನೆಯಲ್ಲಿ ಯಾರಿಗೂ ಹೇಳಿಕೊಳ್ಳಲಾಗದ ನೋವನ್ನು ಜಾತ್ರೆಯ ಅಂಗಳದಲ್ಲಿ ಕೂಗಿ ಹೇಳುವ ಹೆಣ್ಣಿನ ಮುಖವನ್ನು ಚಿತ್ರಿಸುವುದು ಹಗುರವಾದ ಕೆಲಸವಲ್ಲ. ಆ ಅಂಗಳದ ಹಿರಿಯರೇ ತಂಡದ ಒಡನಾಡಿಯಾಗಿದ್ದರು ಎಂಬುದರಿಂದ ಮಾತ್ರ ಅದು ಸಹ್ಯವಾಗುತ್ತದೆ ಎಂದು ನಾನು ತಿಳಿದಿದ್ದೇನೆ.

ಕೊರತೆಯನ್ನೂ ಹೇಳಬೇಕು. ಮೂರು ಸಂಪುಟಗಳೂ ರೋಮನ್ ಲಿಪಿಯಲ್ಲಿ, ದೂರದೇಶದ ವಿದ್ವಾಂಸರ ಮಾಲಿಕೆಯಲ್ಲಿ ಬಂದವು. ಗೋಪಾಲ ನಾಯ್ಕರ ನೆರೆಮನೆಯವರಿಗೆ ಅವು ಓದಲು ಬರುವ ಪುಸ್ತಕಗಳಲ್ಲ. ದಾಖಲಾತಿ ನಡೆದ ಊರಿಗೆ ಅದು ಯಾವ ರೂಪದಲ್ಲಿ ಮರಳಬೇಕು ಎಂಬ ಪ್ರಶ್ನೆ ಆ ಕಾಲದ ಯಾವ ಕೇಂದ್ರವನ್ನೂ ಸಾಕಷ್ಟು ಕಾಡಲಿಲ್ಲ. ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮುಂದಿನ ತಲೆಮಾರಿನ ವಿಡಿಯೊ ಕಲಾವಿದರು.

ಅಂಥವರಲ್ಲಿ ಒಬ್ಬರು ದಿಲ್ಲಿಯ ಅಮರ್ ಕನ್ವರ್. ಒಡಿಶಾದ ಗಣಿ ಮತ್ತು ಕಾರ್ಖಾನೆಗಳಿಗಾಗಿ ರೈತರ, ಆದಿವಾಸಿಗಳ ನೆಲ ಹೋಗುತ್ತಿದ್ದುದನ್ನು ಅವರು 1999ರಿಂದ ಚಿತ್ರಿಸುತ್ತ ಬಂದರು. ಆ ವರ್ಷಗಳ ಫಲವಾದ ‘ದಿ ಸಾವರಿನ್ ಫಾರೆಸ್ಟ್’ ಎಂಬ ಕೃತಿ 2012ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಮ್ಯೂಸಿಯಂಗಳ ಲೋಕದಲ್ಲಿ ಅದಕ್ಕಿಂತ ದೊಡ್ಡ ವೇದಿಕೆ ವಿರಳ. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಭುವನೇಶ್ವರದಲ್ಲಿ, ಸುಧೀರ್ ಪಟ್ನಾಯಕ್ ಅವರ ‘ಸಮದೃಷ್ಟಿ’ ಪತ್ರಿಕೆಯ ಆವರಣದಲ್ಲಿ ಅದೇ ಕೃತಿ ಊರವರಿಗಾಗಿ ತೆರೆಯಿತು, ಬಹುಕಾಲ ಅಲ್ಲೇ ನೆಲೆಸಿತು. ಆ ಕೃತಿಯಲ್ಲಿ 42 ನಿಮಿಷಗಳ ವಿಡಿಯೊ ಒಂದಿದೆ. ಕಳೆದುಹೋಗಲಿರುವ ಹೊಲ, ಹುಲ್ಲು, ನೀರು, ಮರಗಳನ್ನು ಅದು ಆತುರವಿಲ್ಲದೆ ನೋಡುತ್ತದೆ. ಕೈಯಲ್ಲಿ ತಯಾರಿಸಿದ ಕಾಗದದ ಪುಸ್ತಕಗಳ ಪುಟಗಳ ಮೇಲೂ ಚಿತ್ರಗಳು ಚಲಿಸುತ್ತವೆ. ನಟಬರ ಸಾರಂಗಿ ಎಂಬ ರೈತರು ಉಳಿಸಿಕೊಂಡು ಬಂದ 272 ಬಗೆಯ ಭತ್ತದ ಬೀಜಗಳು ಗೋಡೆಯಲ್ಲಿದ್ದವು. ನೋಡಲು ಬಂದವರು ತಮ್ಮಲ್ಲಿರುವ ದಾಖಲೆ, ಫೋಟೋ, ಪತ್ರಗಳನ್ನು ಸಾಕ್ಷ್ಯವಾಗಿ ತಂದು ಸೇರಿಸಬಹುದಿತ್ತು. ಕಲಾವಿದ ಊರಿಗೆ ಬಂದು ವಾಸಿಸಿದ್ದಷ್ಟೇ ಅಲ್ಲ, ಕೃತಿಯೂ ಊರಿನಲ್ಲಿ ವಾಸಿಸಿತು. ಊರವರು ಅದರೊಳಗೆ ಬಂದು ಕೆಲಸ ಮಾಡಿದರು.

ಇನ್ನೊಂದು ಉದಾಹರಣೆ ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸೀಮೆಯದು. ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ನಿರ್ಮಾಪಕರಾಗಿ ದುಡಿದ ಪಿ.ವಿ. ಸತೀಶ್ (1945–2023) 1983ರಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಅಲ್ಲಿ ಕ್ಯಾಮರಾ ಹಿಡಿದವರು ಸಂಘ ಕಟ್ಟಿಕೊಂಡ, ಹೊಲದಲ್ಲಿ ದುಡಿಯುವ ದಲಿತ ಹೆಂಗಸರು. ಮೇಲಿನಿಂದ ಕೆಳಕ್ಕೆ ನೋಡುವ ಚಿತ್ರ ಎದುರಿನವರನ್ನು ಜೀತದಾಳಿನಂತೆ ತೋರಿಸುತ್ತದೆ, ಕೆಳಗಿನಿಂದ ಮೇಲಕ್ಕೆ ನೋಡುವ ಚಿತ್ರ ಪಟೇಲನಂತೆ ತೋರಿಸುತ್ತದೆ, ಕಣ್ಣಿಗೆ ಕಣ್ಣು ಸಮವಾಗಿ ಹಿಡಿದದ್ದು ತಮ್ಮ ಸಂಘದ ಚಿತ್ರ ಎಂದು ಅವರು ತಾವೇ ವಿಂಗಡಿಸಿಕೊಂಡರು. ಫಿಲ್ಮ್ ಶಾಲೆಗಳ ಪಾಠವನ್ನು ತಮ್ಮ ಬದುಕಿನ ಅನುಭವದಿಂದ ಅವರು ಕಂಡುಕೊಂಡ ಬಗೆ ಇದು. ವಾರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಬವಣೆಯ ಮೇಲೆ ಅವರು ಮಾಡಿದ ಚಿತ್ರಗಳು ದೇಶದಾಚೆಗೂ ಹೋದವು.

ಈಗ ಪೆರ್ಲಕ್ಕೆ ಬರುತ್ತೇನೆ. ಚೆರ್ಕಳದಿಂದ ಬದಿಯಡ್ಕ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆಯ ಪೇಟೆ, ಎಣ್ಮಕಜೆ ಪಂಚಾಯತಿನ ಕೇಂದ್ರ. ನಮ್ಮ ಊರಿಗೆ ಕ್ಯಾಮರಾ ಕಡಿಮೆ ಬಂದಿಲ್ಲ. ಈ ಗಡಿನಾಡಿನಲ್ಲಿ ನಮ್ಮಷ್ಟು ಚಿತ್ರಿತವಾದ ಪಂಚಾಯತು ಬಹುಶಃ ಇನ್ನೊಂದಿಲ್ಲ. ಬಂದ ಕಾರಣ ಎಂಡೋಸಲ್ಫಾನ್ ಎಂಬ ಕೀಟನಾಶಕ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ವಿಷ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಸುರಂಗದ ನೀರನ್ನೇ ನಂಬಿದ ಮನೆಗಳು, ಅಡಿಕೆಯ ಕಂಗು, ತೋಡು. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1979ರಲ್ಲೇ ಪತ್ರಿಕೆಗೆ ಬರೆದರು. ವಾಣಿನಗರದಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಒಂದೇ ತೆರನ ಕಾಯಿಲೆಗಳು ಮರುಕಳಿಸುವುದನ್ನು ಗಮನಿಸಿ ಹೊರಲೋಕಕ್ಕೆ ತಿಳಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದಿಂದ ತಡೆ ತಂದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆ ಗ್ರಾಮದ ನೀರು, ಮಣ್ಣು, ರಕ್ತದ ಮಾದರಿಗಳನ್ನು ಪರೀಕ್ಷಿಸಿ ವರದಿ ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನಿಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು.

ಈ ದಾರಿಯುದ್ದಕ್ಕೂ ಚಿತ್ರಗಳು ನಮ್ಮ ಪರವಾಗಿ ಸಾಕ್ಷಿ ಹೇಳಿವೆ. ಮಾತೃಭೂಮಿಯ ಮಧುರಾಜ್ ತೆಗೆದ ಫೋಟೋಗಳು ಕೇರಳದ ನಿದ್ದೆ ಕೆಡಿಸಿದವು. ಎಂ.ಎ. ರಹಮಾನ್ ಸಾಕ್ಷ್ಯಚಿತ್ರ ಮಾಡಿದರು. ಅವರದೇ ಮುಂದಾಳ್ತನದಲ್ಲಿ 2010ರಲ್ಲಿ ಕಾಸರಗೋಡಿನ ಬಸ್ ನಿಲ್ದಾಣದ ಬಳಿ ‘ಒಪ್ಪುಮರಂ’ ಎದ್ದಿತು, ಸಾವಿರಾರು ಜನ ಸಹಿ ಹಾಕಿ ಆ ಮರವನ್ನು ಪ್ರತಿಭಟನೆಯ ಕಲಾಕೃತಿಯಾಗಿಸಿದರು. ಅದೇ ವರ್ಷ ಕೆ.ಆರ್. ಮನೋಜ್ ‘ಎ ಪೆಸ್ಟರಿಂಗ್ ಜರ್ನಿ’ಯಲ್ಲಿ ಪಂಜಾಬಿನ ಹೊಲಗಳನ್ನೂ ನಮ್ಮ ಗೇರು ಗುಡ್ಡಗಳನ್ನೂ ಒಂದೇ ಕಥೆಯಾಗಿ ತೋರಿಸಿದರು. ಅಂಬಿಕಾಸುತನ್ ಮಾಂಙಾಡ್ ಅವರ ‘ಎನ್ಮಕಜೆ’ ಕಾದಂಬರಿ 2009ರಲ್ಲಿ ಬಂತು, ಡಾ. ಬಿಜು ಅವರ ‘ವಲಿಯ ಚಿರಗುಳ್ಳ ಪಕ್ಷಿಗಳ್’ ಚಲನಚಿತ್ರ 2015ರಲ್ಲಿ. ಇವರೆಲ್ಲರಿಗೂ ಈ ಊರು ಋಣಿ. ಆದರೆ ಇವರ ಹಿಂದೆ ಮುಂದೆ ನೂರಾರು ಕ್ಯಾಮರಾಗಳು ಬಂದುಹೋದವು. ಅವುಗಳಲ್ಲಿ ಹೆಚ್ಚಿನವು ಚಾಪೆಯ ಮೇಲೆ ಮಲಗಿದ ಮಗುವನ್ನು ಮೇಲಿನಿಂದ ಬಗ್ಗಿ ನೋಡಿದಂಥವು. ಆ ಮಗುವಿಗೆ ಅನ್ನ ಕಲಸಿ ತಿನ್ನಿಸುವ ತಾಯಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ಮಾಡುತ್ತಾಳೆ, ಯಾವ ಹಾಡು ಕೇಳಿದರೆ ಮಗು ನಗುತ್ತದೆ, ಸಿಂಪಡಣೆಗೆ ಮುಂಚೆ ಆ ತೋಡಿನಲ್ಲಿ ಯಾವ ಮೀನುಗಳಿದ್ದವು ಎಂಬುದನ್ನು ಚಿತ್ರಿಸಲು ಊರಿನಲ್ಲಿ ಉಳಿಯಬೇಕು. ಒಂದು ದಿನದ ಕ್ಯಾಮರಾಕ್ಕೆ ಸಂಕಟ ಮಾತ್ರ ಕಾಣುತ್ತದೆ, ಬದುಕು ಕಾಣುವುದಿಲ್ಲ.

ಬದುಕು ಇಲ್ಲಿ ಎಷ್ಟೊಂದು ಬಗೆಯದು! ಒಂದೇ ಬಸ್ಸಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಹವಿಗನ್ನಡ, ಕರಾಡ ಮರಾಠಿ, ಕೊಂಕಣಿ ಕೇಳಿಸುತ್ತವೆ. ಮರಾಟಿ ಸಮುದಾಯದವರ ಗೊಂದೋಲು ಪೂಜೆ, ದೈವಗಳ ನೇಮ, ಮಳೆಗಾಲದ ತಾಳಮದ್ದಳೆ, ಪಡ್ರೆ ಚಂದು ಅವರ ಹೆಸರಿನಲ್ಲಿ ಪೆರ್ಲದಲ್ಲೇ ಸಬ್ಬಣಕೋಡಿ ರಾಮ ಭಟ್ಟರು ನಡೆಸಿಕೊಂಡು ಬಂದ ಯಕ್ಷಗಾನ ನಾಟ್ಯ ತರಬೇತಿ ಕೇಂದ್ರ, ಗುಡ್ಡ ಕೊರೆದು ನೀರು ತರುವ ಸುರಂಗದ ಕೆಲಸದವರ ವಿದ್ಯೆ. ಇವೆಲ್ಲ ದಾಖಲಾಗಿಲ್ಲವೆಂದಲ್ಲ. ಮದುವೆಗೆ ಕರೆಸಿದ ವಿಡಿಯೊದವರೇ ನಮ್ಮ ಮನೆಗಳ ನೇಮವನ್ನೂ ಆಟವನ್ನೂ ಚಿತ್ರಿಸಿದ್ದಾರೆ. ಆ ವಿ.ಎಚ್.ಎಸ್. ಕ್ಯಾಸೆಟ್ಟುಗಳು ಅಟ್ಟದಲ್ಲೋ ಕಪಾಟಿನ ಕೆಳಗಿನ ಖಾನೆಯಲ್ಲೋ ಇವೆ. ಇಂದು ಮೇಳದ ಆಟವೆಲ್ಲ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತದೆ, ಆದ್ದರಿಂದ ಹಳೆಯ ಕ್ಯಾಸೆಟ್ಟಿನ ಬೆಲೆ ಯಾರಿಗೂ ಹೊಳೆಯುವುದಿಲ್ಲ. 1990ರ ಒಂದು ಆಟದ ಕ್ಯಾಸೆಟ್ಟಿನಲ್ಲಿ ಈಗ ನಮ್ಮ ನಡುವೆ ಇಲ್ಲದ ಭಾಗವತರ ಕಂಠವಿರಬಹುದು, ಸಿಂಪಡಣೆಯ ಕಾಲದಲ್ಲಿ ಆರೋಗ್ಯದಿಂದ ಓಡಾಡಿಕೊಂಡಿದ್ದ ಊರವರ ಮುಖಗಳಿರಬಹುದು.

ಕಾಲ ಮಾತ್ರ ಕಾಯುತ್ತಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಟೇಪು ಉಳಿದರೂ ಓಡಿಸುವ ಯಂತ್ರ ಉಳಿಯುವುದಿಲ್ಲ: ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. 2025ರ ನಂತರ ಅಯಸ್ಕಾಂತ ಟೇಪುಗಳನ್ನು ಮರಳಿ ನುಡಿಸುವುದು ಬಹಳ ಕಷ್ಟವಾದೀತು ಎಂದು ಯುನೆಸ್ಕೋದ ಜೊತೆಗೂಡಿ ಧ್ವನಿ ಮತ್ತು ದೃಶ್ಯ ಭಂಡಾರಗಳ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಎಚ್ಚರಿಸಿತ್ತು.

ಗಡಿಯ ತೊಂದರೆಯೂ ಇದೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಉಡುಪಿಯ ಕೇಂದ್ರ, ಮಂಗಳೂರಿನ ವಿಶ್ವವಿದ್ಯಾನಿಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಎಲ್ಲವೂ ಗಡಿಯ ಆಚೆ. ತಿರುವನಂತಪುರದ ಸಂಸ್ಥೆಗಳಿಗೆ ತುಳು ಮತ್ತು ಕನ್ನಡದ ಕ್ಯಾಸೆಟ್ಟು ದೂರದ ವಿಷಯ. ಆದ್ದರಿಂದ ಈ ಕೆಲಸ ನಮ್ಮಿಂದಲೇ, ಪೆರ್ಲದಲ್ಲೇ ಶುರುವಾಗಬೇಕು. ದೊಡ್ಡ ಕಟ್ಟಡ ಬೇಡ. ತೇವವಿಲ್ಲದ ಒಂದು ಕೋಣೆ, ಸುಸ್ಥಿತಿಯಲ್ಲಿರುವ ಒಂದೆರಡು ಹಳೆಯ ವಿ.ಸಿ.ಆರ್., ಒಂದು ಕಂಪ್ಯೂಟರ್, ಎರಡು ಕಡೆ ಪ್ರತಿ ಇಡುವ ವ್ಯವಸ್ಥೆ ಇಷ್ಟಿದ್ದರೆ ಆರಂಭಿಸಬಹುದು. ನಲಂದಾ ಕಾಲೇಜಿನ, ಸತ್ಯನಾರಾಯಣ ಹೈಸ್ಕೂಲಿನ ಮಕ್ಕಳ ಕೈಯಲ್ಲಿ ಇಂದು ಒಳ್ಳೆಯ ಕ್ಯಾಮರಾಗಳಿವೆ. ಅವರಿಗೆ ಬೇಕಾದದ್ದು ಕಣ್ಣಿಗೆ ಕಣ್ಣು ಸಮವಾಗಿ ಹಿಡಿಯುವ ಅಭ್ಯಾಸ, ಹಿರಿಯರ ಬಳಿ ಕೂರುವ ಸಮಯ. ವರ್ಷಕ್ಕೊಬ್ಬ ವಿಡಿಯೊ ಕಲಾವಿದರನ್ನು ಕರೆದು, ಊರಿನ ಮನೆಯೊಂದರಲ್ಲಿ ಉಳಿಸಿಕೊಂಡು, ಮಳೆಗಾಲವನ್ನೂ ಬೇಸಗೆಯನ್ನೂ ಕಾಣುವಷ್ಟು ಕಾಲ ಕೊಟ್ಟರೆ ಪೆರ್ಲದ ಕಥೆ ಪೆರ್ಲದವರ ಜೊತೆಗೂಡಿ ಚಿತ್ರವಾದೀತು. ಬರುವವರಿಗೆ ನಮ್ಮ ಷರತ್ತು ಎರಡೇ ಇರಲಿ: ಯಾರ ಮುಖ ತೆಗೆಯುತ್ತೀರೋ ಅವರನ್ನು ಮೊದಲು ಕೇಳಿ, ತೆಗೆದದ್ದನ್ನು ಮೊದಲು ಅವರಿಗೇ ತೋರಿಸಿ. ಒಂದು ಪ್ರತಿ ಆ ಕೋಣೆಯಲ್ಲಿ ಉಳಿಯಲಿ.

ಈ ಸಂಚಿಕೆ ನಿಮ್ಮ ಕೈ ಸೇರಿದ ಮೇಲೆ ದಯವಿಟ್ಟು ನಿಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿ. ನೇಮದ್ದೋ, ಆಟದ್ದೋ, ಶಾಲೆಯ ವಾರ್ಷಿಕೋತ್ಸವದ್ದೋ ಕ್ಯಾಸೆಟ್ಟು ಸಿಕ್ಕಿದರೆ ಎಸೆಯಬೇಡಿ, ಮನೆಯಲ್ಲಿ ಓಡಿಸಿ ನೋಡಲೂ ಹೋಗಬೇಡಿ. ಬೂಷ್ಟು ಹಿಡಿದ ಟೇಪು ಯಂತ್ರದಲ್ಲಿ ಸಿಕ್ಕಿ ಹರಿಯುತ್ತದೆ. ಹತ್ತಿಯ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಯಾವ ವರ್ಷದ್ದು, ಯಾವ ಮನೆಯದ್ದು, ಹಾಡಿದವರು ಯಾರು, ಕುಣಿದವರು ಯಾರು, ಚಿತ್ರಿಸಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹಿರಿಯರು ಇರುವಾಗಲೇ ಆ ಹೆಸರುಗಳನ್ನು ಬರೆದುಕೊಳ್ಳಿ.